ಬೈಕಿನ ಕಾಪು, ಮೈಯ ಕಾಪು

ನಿಲಂಗಾದಲ್ಲಿ ಹೊಸ ಮೋಟಾರ್ ಸೈಕಲ್ ಕೊಂಡವರು ಅದೇ ದಿನ ಎರಡು ಕಡೆಗೆ ಹೋಗುತ್ತಾರೆ: ಮೊದಲು ನೀಲಕಂಠೇಶ್ವರನ ಗುಡಿಗೆ, ಅನಂತರ ಗಾರ್ಡ್ ಕೂರಿಸುವವನ ಬಳಿಗೆ. ತೆಂಗಿನಕಾಯಿ ಒಡೆದು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಎಂಜಿನ್ನಿನ ಎರಡೂ ಮಗ್ಗುಲಿಗೆ ಹೊಳೆಯುವ ಕೊಳವೆ ಹಾಕಿಸಿದ ಮೇಲೆಯೇ ಮನೆಯವರಿಗೆ ನೆಮ್ಮದಿ. ನಾನು ಇಪ್ಪತ್ತು ವರ್ಷ ಓಡಿಸಿದ ಸ್ಕೂಟರಿಗೂ ಸುತ್ತ ಇಂಥ ಕೊಳವೆಗಳಿದ್ದವು. ಸಂತೆಯ ನೂಕುನುಗ್ಗಲಿನಲ್ಲಿ ಅವು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದವು.

ಮಗನು ಕೊಂಡದ್ದು ಯಮಹಾ ಆರ್15. ನೌಕರಿಗಾಗಿ ಉಮರ್ಗಾಕ್ಕೆ ದಿನವೂ ಹೋಗಿಬರುವವನು. ಅದಕ್ಕೂ ಒಂದು ದಪ್ಪ ಕೊಳವೆ ಹಾಕಿಸಿಬಿಡು ಎಂದು ಮನೆಯಲ್ಲಿ ಎಲ್ಲರ ಒತ್ತಾಯ. ಹತ್ತು ಸಾವಿರ ರೂಪಾಯಿ ತೆಗೆದಿಟ್ಟಿದ್ದೆವು. ಅದನ್ನು ಯಾವುದಕ್ಕೆ ವೆಚ್ಚ ಮಾಡಬೇಕೆಂಬುದರ ಮೇಲೆ ತಂದೆ ಮಕ್ಕಳಲ್ಲಿ ಎರಡು ವಾರ ಚರ್ಚೆ ನಡೆಯಿತು.

ಈ ಬಗೆಯ ಬೈಕಿನ ಮೈಕಟ್ಟೇ ಬೇರೆ. ಸಾಮಾನ್ಯ ಬೈಕುಗಳಲ್ಲಿ ಎಂಜಿನ್ನಿನ ಮುಂದಿನಿಂದ ಇಳಿಯುವ ಚೌಕಟ್ಟಿನ ಕೊಳವೆಗೆ ಗಾರ್ಡನ್ನು ಬಿಗಿಯಬಹುದು. ಆರ್15ರಲ್ಲಿ ಡೆಲ್ಟಾಬಾಕ್ಸ್ ಎಂಬ ಚೌಕಟ್ಟು. ಅಗಲವಾದ ಎರಡು ಉಕ್ಕಿನ ತೊಲೆಗಳು ಎಂಜಿನ್ನನ್ನು ಮೇಲಿನಿಂದ ಹಿಡಿದಿರುತ್ತವೆ, ಹೊರಗೆ ಪ್ಲಾಸ್ಟಿಕ್ಕಿನ ಹೊದಿಕೆ. ಕೊಳವೆ ಹಾಕಲು ಗಟ್ಟಿಯಾದ ಆಸರೆ ಕಡಿಮೆ. ಹಾಕಿದರೂ ಅದು ಹೊರಕ್ಕೆ ಚಾಚಿ, ತಿರುವಿನಲ್ಲಿ ವಾಲುವ ಬೈಕಿಗೆ ಅಡ್ಡಿಯಾಗುತ್ತದೆ. ಬಿದ್ದು ಜಾರುವಾಗ ರಸ್ತೆಯ ಗುಂಡಿಗೋ ಅಂಚುಕಲ್ಲಿಗೋ ಸಿಕ್ಕಿಕೊಂಡರೆ, ಜಾರಿ ನಿಲ್ಲಬೇಕಾದ ಬೈಕು ಪಲ್ಟಿ ಹೊಡೆಯಬಹುದು.

ಇದಕ್ಕೆ ಬದಲಾಗಿ ಫ್ರೇಮ್ ಸ್ಲೈಡರ್ ಎಂಬುದಿದೆ. ಎಂಜಿನ್ನನ್ನು ಚೌಕಟ್ಟಿಗೆ ಬಿಗಿಯುವ ಬೋಲ್ಟಿನ ಜಾಗದಲ್ಲಿ ಉದ್ದನೆಯ ಬೋಲ್ಟ್ ಹಾಕಿ, ಅದರ ತುದಿಗೆ ನೈಲಾನಿನಂತಹ ಗಡುಸು ಪ್ಲಾಸ್ಟಿಕ್ಕಿನ ಮುಷ್ಟಿಗಾತ್ರದ ಗುಬಟನ್ನು ಕೂರಿಸುತ್ತಾರೆ. ಬೈಕು ಬಿದ್ದಾಗ ಆ ಗುಬಟು ಸವೆಯುತ್ತದೆ, ಹೊದಿಕೆ ಉಳಿಯುತ್ತದೆ. ಆದರೆ ಗುಬಟು ಉದ್ದವಾದಷ್ಟೂ ಅದು ಸನ್ನೆಗೋಲಿನಂತೆ ಕೆಲಸ ಮಾಡಿ, ಪೆಟ್ಟನ್ನು ನೇರ ಚೌಕಟ್ಟಿನ ತೂತಿಗೆ ಒಯ್ಯುತ್ತದೆ. ಬೋಲ್ಟು ಬಾಗಿದರೆ ದುರಸ್ತಿ ಅಗ್ಗ. ತೂತೇ ಸೀಳಿದರೆ ಚೌಕಟ್ಟನ್ನೇ ಬದಲಿಸಬೇಕಾದೀತು. ಆದುದರಿಂದ ಗಿಡ್ಡನೆಯದನ್ನು ಆರಿಸಬೇಕು, ಬೋಲ್ಟಿನ ತಲೆಯ ಮೇಲೆ ಬಲದ ದರ್ಜೆ ಅಚ್ಚಾಗಿದೆಯೇ ಎಂದು ನೋಡಬೇಕು, ಟಾರ್ಕ್ ರೆಂಚ್ ಇರುವ ಮೆಕ್ಯಾನಿಕನಿಂದಲೇ ಬಿಗಿಸಬೇಕು.

ಚರ್ಚೆ ಇಷ್ಟಕ್ಕೆ ಬಂದು ನಿಂತಿದ್ದಾಗ ಮಳೆಗಾಲ ಬಂತು. ಹೊಲದಿಂದ ಬಂದ ಟ್ರ್ಯಾಕ್ಟರಿನ ಗಾಲಿಗಳು ಎರೆಮಣ್ಣನ್ನು ಡಾಂಬರಿನ ಮೇಲೆ ಉದುರಿಸಿ ಹೋಗಿದ್ದವು. ಮಳೆ ಬಿದ್ದ ಎರೆಮಣ್ಣು ಬೆಣ್ಣೆಯಂತೆ ಎಂಬುದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮಗ ಸೈಕಲ್ಲಿನ ವೇಗದಲ್ಲಿಯೇ ಹೋಗುತ್ತಿದ್ದ; ಮುಂದಿನ ಚಕ್ರ ಜಾರಿತು. ಬೈಕಿಗೆ ಆದದ್ದು ಕ್ಲಚ್ಚಿನ ಹಿಡಿಕೆ ಮುರಿದದ್ದು, ಹೊದಿಕೆಯಲ್ಲಿ ಒಂದು ಗೀರು. ಮಗನಿಗೆ ಅಂಗೈಗಳ ಚರ್ಮ ಸುಲಿದು, ಮೊಣಕಾಲಿಗೆ ಆರು ಹೊಲಿಗೆ. ಹಿಡಿಕೆ ಮರುದಿನವೇ ಹೊಸದು ಬಂತು. ಮೊಣಕಾಲು ಮಡಿಸಿ ನೆಲಕ್ಕೆ ಕೂತು ಉಣ್ಣಲು ಅವನಿಗೆ ತಿಂಗಳೂವರೆ ಬೇಕಾಯಿತು. ನಾವು ಎರಡು ವಾರ ಮಾತಾಡಿದ್ದೆಲ್ಲ ಬೈಕಿನ ಮೈಯನ್ನು ಕುರಿತು ಎಂಬುದು ಅವನ ತಾಯಿಗೆ ಆ ದಿನಗಳಲ್ಲಿ ಬಹಳ ನೆನಪಿಗೆ ಬಂತು.

ಈ ವಿಷಯದಲ್ಲಿ ಹಳೆಯದೊಂದು ಅಧ್ಯಯನವಿದೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲಿಸ್ ಪ್ರದೇಶದ 900 ಮೋಟಾರ್ ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರೀಕ್ಷಿಸಿ 1981ರಲ್ಲಿ ವರದಿ ಪ್ರಕಟಿಸಿದರು. ಅರ್ಧದಷ್ಟು ಅಪಘಾತಗಳಲ್ಲಿ ಡಿಕ್ಕಿಯ ಕ್ಷಣದ ವೇಗ ಗಂಟೆಗೆ ಸುಮಾರು 35 ಕಿಲೋಮೀಟರಿಗಿಂತ ಕಡಿಮೆ. ಕೊಳವೆಯ ಗಾರ್ಡಿನಿಂದ ಪಾದ, ಕೀಲುಗಳ ಗಾಯ ಕಡಿಮೆಯಾದರೂ ತೊಡೆ, ಮೊಣಕಾಲು, ಮೊಣಕಾಲಿನ ಕೆಳಭಾಗದ ಗಾಯ ಹೆಚ್ಚಾಗಿ ಲೆಕ್ಕ ಸರಿಹೋಗುತ್ತದೆಂದು ಅವರು ಕಂಡರು. ತಲೆಯನ್ನು ಉಳಿಸುವುದರಲ್ಲಿ ಹೆಲ್ಮೆಟ್ಟಿಗೆ ಸಮನಾದುದಿಲ್ಲವೆಂದೂ ಬರೆದರು.

ಕೊನೆಗೆ ನಾವು ವೆಚ್ಚದ ಕ್ರಮವನ್ನೇ ತಿರುಗಿಸಿದೆವು. ಮೊದಲು ಹೆಲ್ಮೆಟ್: ಐಎಸ್ 4151 ಸಂಖ್ಯೆಯೊಡನೆ ಐಎಸ್ಐ ಗುರುತು ಇರುವುದು. 2021ರ ಜೂನ್ 1ರಿಂದ ಈ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವಂತಿಲ್ಲ. ಆದರೂ ರಸ್ತೆಬದಿಯ ರಾಶಿಯಲ್ಲಿ ಕೊಳ್ಳುವಾಗ ಪರೀಕ್ಷಿಸಿ ನೋಡುವುದು ಲೇಸು. ಅನಂತರ ಅಂಗೈಗೆ ಗಡುಸು ಪಟ್ಟಿಯಿರುವ ಕೈಗವಸು. ಆಮೇಲೆ ಮೊಣಕಾಲಿನ ಕವಚ. ಅದರ ಮೇಲೆ ಇಎನ್ 1621-1 ಎಂಬ ಐರೋಪ್ಯ ಮಾನಕದ ಗುರುತಿರಬೇಕು. ಅದರಲ್ಲಿ ಎರಡು ಹಂತಗಳು. ಪರೀಕ್ಷೆಯ ಪೆಟ್ಟಿನಲ್ಲಿ ಕವಚದಾಚೆ ದಾಟುವ ಬಲ ಸರಾಸರಿಯಲ್ಲಿ ಮೊದಲ ಹಂತದ್ದಕ್ಕೆ 35 ಕಿಲೋನ್ಯೂಟನ್, ಎರಡನೆಯದಕ್ಕೆ 20 ಕಿಲೋನ್ಯೂಟನ್ ಮೀರಬಾರದು. ನಾವು ಎರಡನೆಯದನ್ನು ತಂದೆವು. ಉಳಿದ ಹಣದಲ್ಲಿ ಗಿಡ್ಡನೆಯ ಸ್ಲೈಡರ್ ಜೋಡಿ ಬಂತು. ನಿಲ್ಲಿಸಿದಲ್ಲಿಯೇ ಬೈಕು ಉರುಳುವುದು ಉಂಟಷ್ಟೆ. ಅದಕ್ಕೆ ಅಷ್ಟು ಸಾಕು.

ಒಂದು ಅಪಾಯಕ್ಕೆ ಮಾತ್ರ ಅಂಗಡಿಯಲ್ಲಿ ಕಾಪು ದೊರೆಯದು. ಕಬ್ಬಿನ ಹಂಗಾಮಿನಲ್ಲಿ ಹಿಂಬದಿಯ ದೀಪವಿಲ್ಲದ ಟ್ರಾಲಿಗಳು ರಾತ್ರಿಯ ರಸ್ತೆಯಲ್ಲಿ ಕತ್ತಲೆಯ ತುಂಡುಗಳಂತೆ ನಿಂತಿರುತ್ತವೆ. ಆ ತಿಂಗಳುಗಳಲ್ಲಿ ಮಗ ಕತ್ತಲಾಗುವ ಮೊದಲೇ ಹೊರಡುತ್ತಾನೆ. ತಡವಾದರೆ ಬೈಕನ್ನು ಅಲ್ಲಿಯೇ ಬಿಟ್ಟು ಬಸ್ಸಿನಲ್ಲಿ ಬರುತ್ತಾನೆ. ಟ್ರಾಲಿಯ ಹಿಂದೆ ಬೆಳಕು ಹೊಳೆಯುವ ಕೆಂಪು ಪಟ್ಟಿ ಅಂಟಿಸಲು ರೈತಬಂಧುಗಳಿಗೆ ಹೆಚ್ಚು ಖರ್ಚಿಲ್ಲ. ಮನೆಯಲ್ಲಿ ಬೈಕು ಓಡಿಸುವ ಮಕ್ಕಳು ಅವರಿಗೂ ಇದ್ದಾರೆ.