ಗಾಳಿಗೆ ಜಾಗ ಬಿಟ್ಟ ಉಡುಪು

ಒಮಾನಿನ ಗಂಡಸರು ತೊಡುವ ದಿಶ್ದಾಶಾ ನಿಲುವಂಗಿಗೆ ಕಾಲರ್ ಇಲ್ಲ. ಕುತ್ತಿಗೆಯ ಬಳಿ ದಾರದ ಪುಟ್ಟ ಕುಚ್ಚೊಂದು ಜೋತಾಡುತ್ತದೆ. ಅದರ ಹೆಸರು ಫುರಾಖಾ, ಅತ್ತರು ಹಚ್ಚುವುದು ಅದಕ್ಕೆ. ಮಸ್ಕತ್ತಿನ ಮುತ್ರಾ ಸೂಕ್ ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ಮೊದಲು ಪರಿಮಳ ಬರುತ್ತದೆ, ಆಮೇಲೆ ಮನುಷ್ಯ. ಪರಿಮಳಕ್ಕೆಂದೇ ಅಂಗಿಯಲ್ಲೊಂದು ಜಾಗ ಇಟ್ಟು ಹೊಲಿಸಿಕೊಳ್ಳುವ ಜನ! ನಾನು ಅಲ್ಲೇ ಮಾರುಹೋದೆ.

ಅಂಗಡಿಯಲ್ಲಿ ಕುಮ್ಮಾ ಟೋಪಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಬರೀ ಕಸೂತಿಯಂತೆ ಕಾಣುತ್ತಿದ್ದುದರ ತುಂಬ ಅಂಚು ಹೊಲಿದ ಸಣ್ಣ ಸಣ್ಣ ತೂತುಗಳು, ನೆತ್ತಿಗೆ ಗಾಳಿಯಾಡಲು. ಅದರ ಮೇಲೆ ಸುತ್ತುವ ಮಸ್ಸರ್ ರುಮಾಲುಗಳಲ್ಲಿ ಬೆಲೆಬಾಳುವವು ಕಾಶ್ಮೀರದ ಪಶ್ಮಿನಾದವು. ಮರಳುಗಾಡಿನ ತಲೆಗೆ ಹಿಮಾಲಯದ ಉಣ್ಣೆ!

ವಹೀಬಾ ಮರಳುಗುಡ್ಡಗಳ ನಡುವೆ ನಮ್ಮ ಮೈಗಂಟಿದ ಬಟ್ಟೆ ಬೆವರಲ್ಲಿ ತೊಯ್ದಿತ್ತು. ಕಾಫಿ ಬಗ್ಗಿಸಿಕೊಟ್ಟ ಬೆದುಯಿನ್ ಹಿರಿಯರು ಕತ್ತಿನಿಂದ ಕಾಲಗಂಟಿನವರೆಗೆ ಮೈ ಮುಚ್ಚಿಕೊಂಡೂ ನಿರಾಳವಾಗಿದ್ದರು. ಇದು ಹೇಗೆ? 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ನಾಲ್ವರು ವಿಜ್ಞಾನಿಗಳು ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನೇ ಎತ್ತಿಕೊಂಡಿದ್ದರು: ಬೆದುಯಿನರು ಸುಡುವ ಬಿಸಿಲಲ್ಲಿ ಕಪ್ಪು ನಿಲುವಂಗಿ ಏಕೆ ತೊಡುತ್ತಾರೆ? ನೆಗೆವ್ ಮರುಭೂಮಿಯ ನಡುಹಗಲಿನಲ್ಲಿ, 35ರಿಂದ 46 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ, ಒಬ್ಬರನ್ನು ಕಪ್ಪು ನಿಲುವಂಗಿ, ಬಿಳಿ ನಿಲುವಂಗಿ, ಸೈನಿಕರ ಸಮವಸ್ತ್ರ, ಚಡ್ಡಿ ಹೀಗೆ ಬೇರೆ ಬೇರೆ ಉಡುಪಿನಲ್ಲಿ ನಿಲ್ಲಿಸಿ ಅಳೆದರು. ಕಪ್ಪು ಬಟ್ಟೆ ಹೆಚ್ಚು ಬಿಸಿಲು ಹೀರಿತ್ತು, ನಿಜ. ಚರ್ಮಕ್ಕೆ ತಟ್ಟಿದ ಕಾವು ಮಾತ್ರ ಕಪ್ಪಿನಲ್ಲೂ ಬಿಳಿಯಲ್ಲೂ ಒಂದೇ! ಹೆಚ್ಚುವರಿ ಬಿಸಿಯನ್ನು ಬಟ್ಟೆಗೂ ಮೈಗೂ ನಡುವೆ ಆಡುವ ಗಾಳಿ ಒಯ್ದುಬಿಟ್ಟಿತ್ತು. ಹಳೆಯ ಮನೆಯ ಗವಾಕ್ಷಿಯ ಹಾಗೆ, ನಿಲುವಂಗಿಯೊಳಗೂ ಬಿಸಿಗಾಳಿಗೆ ಹೊರಹೋಗುವ ದಾರಿ ಇರಬೇಕು. ಸಡಿಲ ಇಲ್ಲದಿದ್ದರೆ ಆ ದಾರಿ ಮುಚ್ಚಿತು. ಬಟ್ಟೆಯ ಬಣ್ಣಕ್ಕಿಂತ ಮೈಗೂ ಬಟ್ಟೆಗೂ ನಡುವಿನ ಖಾಲಿ ಜಾಗವೇ ಇಲ್ಲಿ ದೊಡ್ಡದು ಎಂದು ತಿಳಿದ ಮೇಲೆ ಆ ಹಿರಿಯರ ಅಂಗಿಯನ್ನು ಕಾಣುವ ನನ್ನ ಕಣ್ಣೇ ಬದಲಾಯಿತು.

ದಕ್ಷಿಣದ ಸಲಾಲಾ ಬೇರೆಯೇ ಲೋಕ. ನಮ್ಮ ಕರಾವಳಿಯನ್ನು ತೋಯಿಸುವ ನೈಋತ್ಯ ಮುಂಗಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿನ ಧೋಫಾರ್ ಬೆಟ್ಟಗಳಿಗೂ ಜಿನುಗು ಮಳೆ, ಮಂಜು ಹೊದಿಸುತ್ತದೆ. ಅರಬ್ಬರ ನಾಡಿನಲ್ಲಿ ಹಸಿರು ಇಳಿಜಾರು, ಅಲ್ಲಿ ಮೇಯುವ ಒಂಟೆ! ಇಲ್ಲಿನ ಹೆಂಗಸರ ಸಾಂಪ್ರದಾಯಿಕ ಉಡುಪು ಅಬು ಧೈಲ್. ಅಗಲವಾದ ಚೌಕದ ಹೊಲಿಗೆ, ಹಲವು ಮಖಮಲ್ಲಿನವು, ಮಣಿ ಮಿನುಗುಗಳ ಅಲಂಕಾರ. ಮುಂದೆ ಗಿಡ್ಡ, ಹಿಂದೆ ನೆಲಕ್ಕೆ ಎಳೆದಾಡುವಷ್ಟು ಉದ್ದ. ನಡೆದ ಹೆಜ್ಜೆಯ ಗುರುತನ್ನು ಆ ಸೆರಗೇ ಅಳಿಸುತ್ತದೆ ಎಂಬ ಮಾತಿದೆ.

ಒಮಾನಿಗೆ ಹೊರಟವರಲ್ಲಿ ನನ್ನದೊಂದು ಕೋರಿಕೆ: ಜೀನ್ಸ್ ಮನೆಯಲ್ಲೇ ಬಿಡಿ. ತುಂಬುತೋಳಿನ, ತೆಳು ಹತ್ತಿಯ, ಒಂದು ಅಳತೆ ದೊಡ್ಡದೇ ಎನಿಸುವ ಜುಬ್ಬಾ, ಪೈಜಾಮ ಒಯ್ಯಿರಿ.