ನಾನು ಶೋಕಿ ಅಂದಿದ್ದೆ

ಇದನ್ನ ಬರೆಯದೋ ಬೇಡ್ವೋ ಅಂತ ಹದಿನೈದು ದಿನ ಯೋಚ್ನೆ ಮಾಡ್ದೆ ಕಣ್ರೇ. ಕೊನೆಗೆ ಮಗಳೇ, "ಬರಿ ಅಮ್ಮ, ನನ್ನಂಗೆ ಇನ್ನೆಷ್ಟು ಜನ ಇರ್ತಾರೋ" ಅಂದ್ಲು.

ಅವ್ಳಿಗೆ ಪಿಯುಸಿ ಮುಗಿಯೋ ಹೊತ್ತಿಗೆ ಗದ್ದದ ಕೆಳಗೆ ದಪ್ಪ ಕೂದಲು ಬರಕ್ಕೆ ಶುರುವಾಯ್ತು. ಚಿಮ್ಟದಲ್ಲಿ ಕೀಳದು, ಪಾರ್ಲರಿಗೆ ಹೋಗಿ ದಾರದಲ್ಲಿ ತೆಗೆಸದು. ಎರಡು ದಿನ ನುಣ್ಣಗೆ. ಮೂರನೇ ದಿನ ಕೆಂಪು ಗುಳ್ಳೆ, ತುದೀಲಿ ಕೀವು. ನಾನು ಮೊಡವೆ ಅಂದ್ಕಂಡು ನಿಂಬೆರಸ ಹಚ್ಚಿದೆ, ಅರಿಶಿನ ಹಚ್ಚಿದೆ. ಒಂದ್ಸಲ ಉಗುರಲ್ಲಿ ಹಿಸುಕಿಯೂ ಬಿಟ್ಟೆ. ಆ ಕಪ್ಪು ಕಲೆ ಇನ್ನೂ ಐತೆ. ನೋಡ್ದಾಗೆಲ್ಲ ನಂಗೆ ಹೊಟ್ಟೇಲಿ ಸಂಕಟ.

ಆಮೇಲೆ ಅವ್ಳು ಬೇಸಿಗೇಲೂ ದುಪಟ್ಟಾ ಕತ್ತಿಗೆ ಸುತ್ಕಂಡೇ ಇರಕ್ಕೆ ಶುರು ಮಾಡಿದ್ಲು. ಮದುವೆ ಮನೇಲಿ ಫೋಟೋ ಅಂದ್ರೆ ಎದ್ದು ಹೋಗ್ತಿದ್ಲು. ಒಂದಿನ "ಲೇಸರ್ ಮಾಡಿಸ್ಲಾ ಅಮ್ಮ?" ಅಂದ್ಲು. "ಸಿನಿಮಾದವ್ರ ಶೋಕಿ ನಮಗ್ಯಾಕೆ" ಅಂತ ಗದರಿದೆ. ಅವ್ಳು ಮಾತಾಡ್ಲಿಲ್ಲ. ರಾತ್ರಿ ಊಟಾನೂ ಮಾಡ್ಲಿಲ್ಲ.

ಕೊನೆಗೆ ಶಿರಾಳಕೊಪ್ಪ, ಶಿಕಾರಿಪುರದ ಮೇಲೆ ಹೋಗೋ ಬಸ್ ಹಿಡಿದು ಶಿವಮೊಗ್ಗದ ಚರ್ಮದ ಡಾಕ್ಟ್ರ ಹತ್ರ ಕರ್ಕಂಡು ಹೋದೆ. ಅವ್ರು ನೋಡಿ, ಇದು ಮೊಡವೆ ಅಲ್ಲ, ಫಾಲಿಕ್ಯುಲೈಟಿಸ್ ಅಂದ್ರು. ಅಂದ್ರೆ ಕೂದಲು ಹುಟ್ಟೋ ಗುಳಿ ಬಾತು ಕೀವಾಗದು. ಕಿತ್ತ ಕೂದಲು ಮತ್ತೆ ಬರುವಾಗ ಕೆಲವು ಸಲ ಚರ್ಮದೊಳಗೇ ತಿರುಗಿ ಚುಚ್ಕಂತೈತೆ, ಜೊತೆಗೆ ಸೋಂಕೂ ಸೇರ್ಕಂತೈತೆ. ಗದ್ದದಲ್ಲಿ ಇಷ್ಟು ಕೂದಲು ಯಾಕೆ ಅಂತ ಹಾರ್ಮೋನ್ ಪರೀಕ್ಷೆ, ಸ್ಕ್ಯಾನಿಂಗ್ ಮಾಡ್ಸಿದ್ರು. ಪಿಸಿಓಡಿ ಇತ್ತು. ಅದಕ್ಕೆ ಬೇರೆ ಔಷಧಿ. ಮೊದ್ಲು ಕೀವು ಒಣಗ್ಲಿ, ಲೇಸರ್ ಆಮೇಲೆ ಅಂದ್ರು.

ಗದ್ದೆ ಕಳೆ ಇದ್ದಂಗೆ ಕಣ್ರೇ. ಮೇಲೆ ಕೊಯ್ದ್ರೆ ಮತ್ತೆ ಬರ್ತೈತೆ. ಲೇಸರ್ ಬೆಳಕು ಕೂದಲಿನ ಕಪ್ಪು ಬಣ್ಣ ಹಿಡ್ಕಂಡು ಬುಡಕ್ಕೆ ಇಳಿದು, ಬಿಸಿಗೆ ಬೇರನ್ನೇ ಸುಡ್ತೈತೆ. ಕೂದಲೇ ಇಲ್ದಿದ್ರೆ ಚುಚ್ಚದೆಲ್ಲಿಂದ? ಎಲ್ಲಾ ಕೂದಲು ಒಟ್ಟಿಗೆ ಬೆಳೆಯಲ್ಲ, ಅದಕ್ಕೆ ನಾಲ್ಕರಿಂದ ಆರು ವಾರಕ್ಕೊಂದ್ಸಲದಂಗೆ 6ರಿಂದ 8 ಸಲ ಬೇಕು. ನಡುವೆ ಕೀಳಂಗಿಲ್ಲ, ಬೇರು ಅಲ್ಲೇ ಇರ್ಬೇಕು. ಬೇಕಾದ್ರೆ ಬ್ಲೇಡಲ್ಲಿ ಬೋಳಿಸ್ಬಹುದು. ಬಿಸಿಲು ತಪ್ಪಿಸ್ಬೇಕು. ನಮ್ಮಂಥ ಕಂದು ಮೈಗೆ ಎನ್‌ಡಿ ಯಾಗ್ ಅನ್ನೋ 1064 ನ್ಯಾನೋಮೀಟರಿನ ಲೇಸರ್ ಹೆಚ್ಚು ಸುರಕ್ಷಿತ. ತಿಳೀದವ್ರ ಕೈಲಿ ಮಾಡ್ಸಿದ್ರೆ ಸುಟ್ಟು ಕಲೆ ಆಗ್ತೈತೆ. ಹಂಗಾಗಿ ಪಾರ್ಲರ್ ಬೇಡ, ಚರ್ಮದ ಡಾಕ್ಟ್ರೇ ಸೈ.

ರಬ್ಬರ್ ಬ್ಯಾಂಡಲ್ಲಿ ಚಟ್ ಅಂತ ಹೊಡ್ದಂಗೆ ಆಗ್ತೈತೆ ಅಂದ್ಲು ಮಗಳು. "ನನ್ನ ಗದ್ದದ ನಾಲ್ಕು ಕೂದಲಿಗೂ ಹಿಡೀರಿ" ಅಂದೆ. ಡಾಕ್ಟ್ರು ನಕ್ರು. ಬಿಳೀ ಕೂದಲಲ್ಲಿ ಬಣ್ಣನೇ ಇಲ್ಲ, ಲೇಸರ್ ಹಿಡಿಯಲ್ಲವಂತೆ!

ದುಡ್ಡು ಖರ್ಚಾಯ್ತು, ಸುಳ್ಳು ಹೇಳಲ್ಲ. ಆ ವರ್ಷದ ಅಡಿಕೆ ದುಡ್ಡಲ್ಲಿ ಬಳೆ ಮಾಡಿಸ್ಬೇಕು ಅಂದ್ಕಂಡಿದ್ದೆ, ಅದು ಇದಕ್ಕೇ ಹೋಯ್ತು. ಕೂದಲು ಪೂರ್ತಿ ಹೋಗಿಲ್ಲ, ಹಾರ್ಮೋನಿನ ತೊಂದ್ರೆ ಇರೋರಿಗೆ ಆಗಾಗ ಮತ್ತೆ ಮಾಡಿಸ್ಬೇಕಾಗ್ತೈತೆ. ಆದ್ರೆ ಗುಳ್ಳೆ ನಿಂತಾವೆ. ಮೊನ್ನೆ ಚಂದ್ರಗುತ್ತಿ ಕಡೆ ಮದುವೇಲಿ ಜಡೆ ಎತ್ತಿ ಕಟ್ಕಂಡು ಮುಂದಿನ ಸಾಲಲ್ಲೇ ಫೋಟೋಕ್ಕೆ ನಿಂತ್ಲು.

ನಿಮ್ಮನೆ ಹುಡುಗಿ ಸೆಕೇಲೂ ದುಪಟ್ಟಾ ಸುತ್ಕಂಡಿದ್ರೆ ಬೈಬ್ಯಾಡ್ರೇ. ಹತ್ರ ಕೂರಿಸ್ಕಂಡು ಏನಾಗೈತೆ ಅಂತ ಒಂದ್ಸಲ ಕೇಳಿ.