ಹಳೆಯ ಗೋಡೆಗಳನ್ನು ಓದುವ ವಿದ್ಯೆ

ಶಿವಮೊಗ್ಗದ ಕಾಲೇಜೊಂದರಲ್ಲಿ ಬಿ.ಎ. ಓದುವ ನನ್ನ ಅಣ್ಣನ ಮಗಳಿಗೆ ಪ್ರಾಚೀನ ಕಟ್ಟಡಗಳ ಸಂರಕ್ಷಣೆಯನ್ನು ಕಲಿಯಬೇಕೆಂಬ ಹಂಬಲ. ಅದಕ್ಕಾಗಿ ಅವಳು ಇತಿಹಾಸವನ್ನು ಆರಿಸಿಕೊಂಡಾಗ ಮನೆಯ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: "ಇದರಿಂದ ಹೊಟ್ಟೆ ತುಂಬುವುದೇ?" ನನ್ನ ಸಂಶಯವೂ ಅದೇ ಆಗಿತ್ತು. ಕಳೆದ ಮಾಘದಲ್ಲಿ ಒಂದು ದಿನ ಅವಳೊಡನೆ ಹೊರಟೆ.

ಮೊದಲು ಹೋದದ್ದು ತುಂಗಾತೀರದ ಶಿವಪ್ಪನಾಯಕನ ಅರಮನೆಗೆ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ದಪ್ಪನೆಯ ಮರದ ಕಂಬಗಳ ಸಭಾಂಗಣ. ಹೊರಗೆ ವೀರಗಲ್ಲು, ಮಾಸ್ತಿಗಲ್ಲು, ಶಾಸನಗಳು. 1645ರಿಂದ 1660ರವರೆಗೆ ಆಳಿ, 'ಶಿಸ್ತು' ಎಂಬ ಕಂದಾಯ ಪದ್ಧತಿಯಿಂದ ಹೆಸರಾದ ಕೆಳದಿಯ ಅರಸು ನಮ್ಮವನೆಂಬ ಅಭಿಮಾನದಿಂದ ಕೈಮುಗಿದೆ. ಅವಳು ಮೆಲ್ಲನೆ, "ಚಿಕ್ಕಪ್ಪ, ರಚನಾಶೈಲಿಯನ್ನು ನೋಡಿದರೆ ಈ ಕಟ್ಟಡ ಹದಿನೆಂಟನೆಯ ಶತಮಾನದ್ದು, ಹೈದರಾಲಿಯ ಕಾಲದ್ದಿರಬಹುದೆಂದು ವಿದ್ವಾಂಸರು ಹೇಳುತ್ತಾರೆ" ಎಂದಳು. ನನಗೆ ಕಸಿವಿಸಿಯಾಯಿತು. "ಯಾರದೇ ಆಗಲಿ, ಇದ್ದದ್ದನ್ನು ಇದ್ದಂತೆ ಬರೆದಿಡುವುದೇ ನಮ್ಮ ಮೊದಲ ಪಾಠ" ಎಂದು ಸೇರಿಸಿದಳು.

ಅಲ್ಲಿಂದ ಬಸ್ಸು ಹಿಡಿದು ಭದ್ರಾವತಿಗೆ ಬಂದೆವು. ಹಿಂದೆ ಬೆಂಕಿಪುರವೆನಿಸಿದ್ದ ಈ ಊರು ಕಬ್ಬಿಣದ ಕಾರ್ಖಾನೆಯಿಂದ ಪ್ರಸಿದ್ಧ. ಆದರೆ ಅವಳು ನನ್ನನ್ನು ಕರೆದೊಯ್ದುದು ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯಕ್ಕೆ. ಮೂರು ಗರ್ಭಗೃಹಗಳುಳ್ಳ ಹೊಯ್ಸಳರ ಗುಡಿಯದು. ಟೇಪು ಹಿಡಿದು ಅಳೆದಳು, ಬಿರುಕುಗಳನ್ನು ಚಿತ್ರಿಸಿಕೊಂಡಳು. ಇಂತಹ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವುದನ್ನು 2010ರ ಕಾನೂನು ತಿದ್ದುಪಡಿ ನಿಷೇಧಿಸಿದೆಯೆಂದು ತಿಳಿಸಿದಳು. "ಕಲ್ಲಿಗೆ ಬಣ್ಣ ಬಳಿದರೆ ಕೆತ್ತನೆಯ ಸೂಕ್ಷ್ಮ ಮುಚ್ಚಿಹೋಗುತ್ತದೆ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಹೊರಬರಲಾರದೆ ಗೋಡೆ ಒಳಗೊಳಗೇ ಹಾಳಾಗುತ್ತದೆ" ಎಂದಳು.

ನಾನು ತಲೆ ತಗ್ಗಿಸಿದೆ. ನಮ್ಮೂರಿನ ಗದ್ದುಗೆಯ ಜೀರ್ಣೋದ್ಧಾರಕ್ಕೆ ಚಂದಾ ಎತ್ತಿದವರಲ್ಲಿ ನಾನೂ ಒಬ್ಬ. ಬಾಗಿಲುವಾಡದ ಮೇಲಿದ್ದ ಹಳೆಯ ಅಕ್ಷರಗಳು ನಮ್ಮ ಭಕ್ತಿಯ ಎಣ್ಣೆಬಣ್ಣದಡಿ ಮರೆಯಾದವು. ಅವನ್ನು ನಾವಾರೂ ಓದಿರಲಿಲ್ಲ, ಬರೆದುಕೊಂಡಿರಲೂ ಇಲ್ಲ.

"ಬಣ್ಣ ಕೆರೆದು ನೋಡೋಣವೇ?" ಎಂದೆ. "ಬೇಡ ಚಿಕ್ಕಪ್ಪ, ಬಲ್ಲವರು ಬರುವ ತನಕ ಮುಟ್ಟಬೇಡಿ" ಎಂದಳು.

ಇತಿಹಾಸದ ಪದವೀಧರರು ಪುರಾತತ್ತ್ವದಲ್ಲಿ ಎಂ.ಎ. ಮಾಡಬಹುದು, ವಾಸ್ತುಶಿಲ್ಪ ಓದಿದವರಿಗೆ ದೆಹಲಿಯಂತಹ ಕಡೆ ಸಂರಕ್ಷಣೆಯಲ್ಲೇ ಸ್ನಾತಕೋತ್ತರ ಶಿಕ್ಷಣವಿದೆ. ದಾರಿ ದೀರ್ಘವಾದುದು, ನಿಜ. ಆದರೂ ಹಿರಿಯರ ಪ್ರಶ್ನೆಯನ್ನು ನಾನೀಗ ಕೇಳಲಾರೆ. ಊರಿಗೊಬ್ಬರಾದರೂ ಈ ಕಾಯಕವನ್ನು ಕಲಿತಿದ್ದರೆ ಆ ಅಕ್ಷರಗಳು ಉಳಿಯುತ್ತಿದ್ದವು. ಬಂಧುಗಳೇ, ನಿಮ್ಮೂರಿನ ಮಠಕ್ಕೋ ಗುಡಿಗೋ ಬಣ್ಣ ತರುವ ಮುನ್ನ ಅಲ್ಲಿರುವುದನ್ನೆಲ್ಲ ಬರೆದುಕೊಳ್ಳಿ, ಛಾಯಾಚಿತ್ರ ತೆಗೆದಿಡಿ.